ಎದೆ ಉರಿ ಅಂತ ಬಿಟ್ಟ ಎಲುಬಿನ ಗುಳಿಗೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಳಂದ ತಾಲ್ಲೂಕಿನ ಹಳ್ಳಿಯವರು, ವಯಸ್ಸು 58. ಮುಟ್ಟು ನಿಂತು ಎಂಟು ವರ್ಷ. ಬಚ್ಚಲಲ್ಲಿ ಜಾರಿ ಕೈ ಊರಿದ್ದಷ್ಟೇ, ಮಣಿಕಟ್ಟು ಮುರಿಯಿತು. ಇಷ್ಟಕ್ಕೇ ಮುರಿಯಿತಲ್ಲ ಅಂತ ವೈದ್ಯರು ಎಲುಬು ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಎಲುಬಿಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.9 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಸವೆದು ಟೊಳ್ಳಾಗುವ ರೋಗ. ಎಲುಬಿನ ಸವೆತ ತಡೆಯಲು ವಾರಕ್ಕೊಂದು ಅಲೆಂಡ್ರೋನೇಟ್ 70 ಮಿ.ಗ್ರಾಂ ಗುಳಿಗೆ ಬರೆದುಕೊಟ್ಟರು. ಇವರು ಸ್ವಲ್ಪ ದಿನಕ್ಕೇ ಬಿಟ್ಟರು. ಸೊಸೆ ನನ್ನ ಹತ್ತಿರ ಕರೆತಂದದ್ದು ಅದಕ್ಕೇ.

"ಗುಳಗಿ ತಗೊಂಡ್ರ ಎದಿ ಉರೀತದ್ರಿ ಮೇಡಮ್."

"ಹ್ಯಾಂಗ ತಗೋತಿದ್ರಿ ಅವ್ವಾರ?"

"ಎದ್ದ ಕೂಡ್ಲೇ ಚಾ ಜೋಡಿ ನುಂಗಿ, ಮತ್ತ ಅಡ್ಡಾಗ್ತಿದ್ದೆ."

ತೊಂದರೆ ಅಲ್ಲೇ ಇತ್ತು. ಈ ಗುಳಿಗೆ ಅನ್ನನಾಳದಲ್ಲಿ ನಿಂತರೆ ಸುಡುತ್ತದೆ. ಚಹಾ, ಹಾಲು, ಕ್ಯಾಲ್ಸಿಯಂ ಜೊತೆ ನುಂಗಿದರೆ ಮೈಗೆ ಹತ್ತುವುದೂ ಇಲ್ಲ. ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅದಕ್ಕೇ ನನಗೆ ಬೇಸರ. ತಾವಾಗಿ ಮತ್ತೆ ಶುರು ಮಾಡಬೇಡಿ, ಮೊದಲು ವೈದ್ಯರಿಗೆ ಎದೆ ಉರಿ ವಿಷಯ ಹೇಳಿ ಅಂದೆ. ಗುಳಿಗೆ ಒಗ್ಗದಿದ್ದರೆ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಝೋಲೆಡ್ರೋನಿಕ್ ಆಸಿಡ್ ಅನ್ನೋ ಔಷಧ ಇದೆ ಅಂತಲೂ ತಿಳಿಸಿದೆ.

ವೈದ್ಯರು ನೋಡಿ, ಅದೇ ಗುಳಿಗೆ ಸರಿಯಾಗಿ ತಗೊಳ್ಳಲಿ ಅಂದರು. ಅವ್ವಾರಿಗೆ ಸೋಮವಾರ ಒಪ್ಪತ್ತು. ಆ ದಿನವನ್ನೇ ಗುಳಿಗೆಗೆ ಗೊತ್ತು ಮಾಡಿದೆವು, ಮರೆಯುವ ಮಾತೇ ಇಲ್ಲ. ಎದ್ದು, ಬರಿ ಹೊಟ್ಟೆಯಲ್ಲಿ, ಒಂದು ಗ್ಲಾಸ್ ತುಂಬ ಸಾದಾ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಬಾರದು, ಚಹಾನೂ ಇಲ್ಲ. ಕೂತಿರಲಿ, ಇಲ್ಲ ಓಡಾಡಲಿ. ಕ್ಯಾಲ್ಸಿಯಂ ಗುಳಿಗೆ ಮಧ್ಯಾಹ್ನ ಊಟದ ಜೊತೆ. ಹಲ್ಲು ಕೀಳಿಸೋದಿದ್ದರೆ ಈ ಔಷಧ ನಡೀತಿದೆ ಅಂತ ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಬೇಕು.

ಮಗ ಒಳ್ಳೆಯವನೇ. ಆದರೆ ಕೈ ಮುರಿದ ಮೇಲೆ ತಾಯಿಯನ್ನು ಸುಮ್ನೆ ಕೂಡಿಸಿಬಿಟ್ಟಿದ್ದ. ಕೂತಷ್ಟೂ ಎಲುಬು ಸವೆಯುತ್ತದೆ. ದಿನಾ ಬೆಳಿಗ್ಗೆ ನಡೆಯಲಿ, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಲಿ ಅಂದೆ. ಟೊಂಕ ಬಗ್ಗಿಸಿ ತುಂಬಿದ ಕೊಡ ಎತ್ತೋದು ಮಾತ್ರ ಬೇಡ. ಬಚ್ಚಲ ಪಾಚಿ ತಿಕ್ಕಿ ತೆಗೆದು, ಹಿಡಿಯಲು ಒಂದು ಕಂಬಿ ಹಾಕಿಸೋ ಕೆಲಸ ಅವನದು.

ದಿನಕ್ಕೆ ಸುಮಾರು 1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಜೋಳದ ರೊಟ್ಟಿಯಲ್ಲಿ ಅದು ಕಡಿಮೆ. ರೊಟ್ಟಿ ಬಿಡಬೇಕಿಲ್ಲ. ಜೊತೆಗೆ ಗಟ್ಟಿ ಮೊಸರು, ಎಳ್ಳಿನ ಚಟ್ನಿಪುಡಿ ಇರಲಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸಂಕ್ರಾಂತಿಗಷ್ಟೇ ಯಾಕೆ? ಇಷ್ಟು ಬಿಸಿಲಿನ ನಾಡಲ್ಲಿದ್ದರೂ ಅವರ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇತ್ತು. ಅದಕ್ಕೆ ವೈದ್ಯರೇ ಪುಡಿ ಕೊಟ್ಟರು.

ಮುಂದಿನ ಸಲ ಬಂದಾಗ ಎದೆ ಉರಿ ಇರಲಿಲ್ಲ. "ಕೈ ನೋವು ಹೋಗ್ಯಾದ, ಇನ್ನ ಬಿಡ್ಲೇನ್ರಿ?" ಅಂದರು. ಎಲುಬು ಸವೆಯುವಾಗ ನೋವೇ ಕಾಣದು, ನೋವಿಲ್ಲ ಅಂತ ಬಿಡೋ ಹಾಗಿಲ್ಲ ಅಂದೆ. ಎರಡು ವರ್ಷಕ್ಕೆ ಮತ್ತೆ ಡೆಕ್ಸಾ ಮಾಡಿಸಬೇಕು. ಐದು ವರ್ಷದ ಹೊತ್ತಿಗೆ ಮುಂದುವರಿಸೋದೋ ನಿಲ್ಲಿಸೋದೋ ವೈದ್ಯರು ನೋಡಿ ಹೇಳುತ್ತಾರೆ. ಸೊಸೆ ಎರಡೂ ತಾರೀಖನ್ನು ಫೈಲಿನ ಮೇಲೆ ಬರೆದುಕೊಂಡಳು.