ಆರ್‌ಒ ಹಾಕಿಸಿದರೆ ಬಣ್ಣದ ನೀರೆಲ್ಲ ವಾಪಸ್ ಸಿಗುತ್ತದಾ?

ಪ್ರಶ್ನೆ: ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಡೈಯಿಂಗ್ ಘಟಕ. ಟವೆಲಿನ ಹತ್ತಿ ನೂಲಿಗೆ ರಿಯಾಕ್ಟಿವ್ ಬಣ್ಣ (ನೂಲಿನ ಜೊತೆ ರಾಸಾಯನಿಕವಾಗಿ ಬೆಸೆಯುವ ಬಣ್ಣ) ಹಾಕುತ್ತೇವೆ. ಬೇಸಿಗೆಯಲ್ಲಿ ಟ್ಯಾಂಕರೇ ಗತಿ. ಒಂದು ಆರ್‌ಒ (ಒತ್ತಡ ಹಾಕಿ ತೆಳು ಪೊರೆಯ ಮೂಲಕ ನೀರು ಸೋಸುವ ಯಂತ್ರ) ಕೂರಿಸಿದರೆ ಸಾಕು, ನೀರೆಲ್ಲ ವಾಪಸ್ ಅಂತ ಮಾರಲು ಬಂದವರು ಹೇಳುತ್ತಾರೆ. ನಂಬಬಹುದಾ?

ಉತ್ತರ: ಅರ್ಧ ನಂಬಿ. ನೀರು ಸಿಗುತ್ತದೆ, ಎಲ್ಲ ಅಲ್ಲ.

ಆರ್‌ಒ ಉಪ್ಪನ್ನು ಮಾಯ ಮಾಡುವುದಿಲ್ಲ, ಒಂದು ಕಡೆ ಕೂಡಿಹಾಕುತ್ತದೆ ಅಷ್ಟೆ. 10,000 ಲೀಟರ್ ಹಾಕಿ 7,500 ಲೀಟರ್ ಒಳ್ಳೆ ನೀರು ತೆಗೆದಿರಿ ಅನ್ನಿ, ಉಪ್ಪು ಹೆಚ್ಚುಕಡಿಮೆ ಪೂರ್ತಿ ಉಳಿದ 2,500 ಲೀಟರಿನಲ್ಲೇ ಇರುತ್ತದೆ. ಟಿಡಿಎಸ್ (ಒಂದು ಲೀಟರಿನಲ್ಲಿ ಕರಗಿರುವ ಉಪ್ಪು, ಲವಣ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ) 6,000 ಇದ್ದದ್ದು ಆ ರಿಜೆಕ್ಟ್ ನೀರಿನಲ್ಲಿ 24,000ದ ಹತ್ತಿರ ಹೋಗುತ್ತದೆ. ಅದನ್ನು ಎಲ್ಲಿ ಹಾಕುತ್ತೀರಿ? ಮಾರುವವರನ್ನು ಮೊದಲು ಕೇಳಬೇಕಾದ್ದು ಇದು. ಚರಂಡಿಗೆ ಬಿಡಿ ಅಂದರೆ ಕಾಫಿ ಕುಡಿಸಿ ಕಳಿಸಿ.

ನಾನಾಗಿದ್ದರೆ ಮೊದಲು ಪೈಪ್ ಬೇರೆ ಮಾಡಿಸುತ್ತಿದ್ದೆ. ಬಣ್ಣ ಹಿಡಿಸಲು ಲೀಟರಿಗೆ 30ರಿಂದ 80 ಗ್ರಾಂ ಉಪ್ಪು ಸುರಿಯುತ್ತೀರಿ, ಅಲ್ವಾ? ಅದರಲ್ಲಿ ನೂಲಿಗೆ ಹತ್ತುವುದು ಏನೂ ಇಲ್ಲ, ಹೆಚ್ಚಿನದೆಲ್ಲ ಆ ಮೊದಲ ಬಾತ್ (ನೂಲು ಅದ್ದಿದ ಬಣ್ಣದ ನೀರು) ಜೊತೆಗೇ ಹೊರಗೆ ಬರುತ್ತದೆ. ಆಮೇಲಿನ ತೊಳೆಯುವ ನೀರು ಪ್ರಮಾಣದಲ್ಲಿ ಜಾಸ್ತಿ, ಉಪ್ಪಿನಲ್ಲಿ ಕಡಿಮೆ. ಎರಡನ್ನೂ ಒಂದೇ ತೊಟ್ಟಿಗೆ ಬಿಟ್ಟರೆ ಸುಲಭವಾಗಿ ಶುದ್ಧವಾಗುವ ನೀರನ್ನೂ ಕೆಡಿಸಿಕೊಂಡ ಹಾಗೆ. ತೊಳೆದ ನೀರಷ್ಟೇ ಆರ್‌ಒಗೆ ಹೋಗಲಿ. ಕೊನೆಯ ತೊಳೆತದ ನೀರು ಮುಂದಿನ ಲಾಟಿನ ಮೊದಲ ತೊಳೆತಕ್ಕೆ ಸಾಕು, ಇದಕ್ಕೆ ಒಂದು ಟ್ಯಾಂಕು, ಒಂದು ಪಂಪು ಬಿಟ್ಟರೆ ದೊಡ್ಡ ಖರ್ಚಿಲ್ಲ.

ಆರ್‌ಒಗೆ ಮುಂಚೆ ಪಿಎಚ್ (ನೀರಿನ ಕ್ಷಾರದ ಮಟ್ಟ) ಇಳಿಸಬೇಕು, ಗಾಳಿ ಊದಿ ಬ್ಯಾಕ್ಟೀರಿಯಾಗಳಿಂದ ಸೋಪು ತಿನ್ನಿಸಬೇಕು, ಸೋಸಬೇಕು. ಬಣ್ಣ ಮಾತ್ರ ಬ್ಯಾಕ್ಟೀರಿಯಾಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಸುಣ್ಣ, ಫೆರಸ್ ಸಲ್ಫೇಟ್ ಹಾಕಿ ಇಳಿಸಬಹುದು, ಆದರೆ ರಾಶಿಗಟ್ಟಲೆ ಸ್ಲಡ್ಜ್ (ತಳದಲ್ಲಿ ಕೂರುವ ಕೆಸರು) ಬರುತ್ತದೆ, ಅದನ್ನು ಅಪಾಯಕಾರಿ ತ್ಯಾಜ್ಯ ಅಂತಲೇ ಸಾಗಿಸಬೇಕು. ಬಣ್ಣ ತೆಗೆಯಲು ಕ್ಲೋರಿನ್ ಹಾಕುವವರಿದ್ದಾರೆ. ಅದು ಆರ್‌ಒವರೆಗೆ ಉಳಿದರೆ ಮೆಂಬ್ರೇನ್ (ಆ ಸೋಸುವ ಪೊರೆ) ಹಾಳು. ನಿಮ್ಮ ಕಡೆ ಬೋರಿನ ನೀರು ಗಡಸು, ಹಾಗಾಗಿ ಗಡಸುತನ ಮತ್ತು ಸಿಲಿಕಾ (ನೀರಿನಲ್ಲಿ ಕರಗಿದ ಮರಳಿನಂಶ) ಎರಡನ್ನೂ ಲ್ಯಾಬಿನಲ್ಲಿ ನೋಡಿಸದೆ ಕೊಟೇಶನ್ ಕೇಳಬೇಡಿ.

ಮೊದಲ ಬಾತ್, ಆರ್‌ಒ ರಿಜೆಕ್ಟ್, ಈ ಉಪ್ಪು ನೀರಿನ ಗತಿ? ತಮಿಳುನಾಡಿನ ಬಟ್ಟೆ ಊರಾದ ತಿರುಪ್ಪೂರಿನವರಿಗೆ ಈ ಪ್ರಶ್ನೆ ಕೋರ್ಟಿನಿಂದಲೇ ಬಂತು. ಬಣ್ಣದ ನೀರು ಸೇರಿ ಅಲ್ಲಿನ ನೊಯ್ಯಲ್ ನದಿ ಕೆಟ್ಟು, 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಹನಿಯೂ ಹೊರಗೆ ಬಿಡದ ವ್ಯವಸ್ಥೆ ಆದ ಮೇಲೇ ಅವು ಮತ್ತೆ ನಡೆದದ್ದು. ಅಲ್ಲಿ ರಿಜೆಕ್ಟ್ ನೀರನ್ನು ಆವಿ ಮಾಡಿ ಉಪ್ಪು ತೆಗೆಯುತ್ತಾರೆ. ಕೆಲವೆಡೆ ಶುದ್ಧ ಮಾಡಿದ ಉಪ್ಪು ನೀರನ್ನೇ ಮತ್ತೆ ಬಣ್ಣದ ಬಾತ್‌ಗೆ ಬಳಸುತ್ತಾರೆ, ನನಗೆ ಇದೇ ಹೆಚ್ಚು ಇಷ್ಟ. ಆವಿ ಮಾಡಲು ಉರುವಲು ಸಿಕ್ಕಾಪಟ್ಟೆ ಬೇಕು, ಒಂದು ಸಣ್ಣ ಘಟಕಕ್ಕೆ ಏಗುವುದು ಕಷ್ಟ. ಅಕ್ಕಪಕ್ಕದ ನಾಲ್ಕೈದು ಡೈಯಿಂಗ್‌ನವರು ಸೇರಿ ಆ ಭಾಗವನ್ನು ಒಟ್ಟಿಗೆ ಮಾಡಿಸಲು ಆಗುತ್ತದಾ ನೋಡಿ, ಮುಂಗಡ ಕೊಡುವ ಮೊದಲೇ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲೂ ವಿಚಾರಿಸಿ.