‘ಏನೂ ಮಾಡೋಕಾಗಲ್ಲ’ ಅಂದರೆ ಬರೆದು ಕೊಡಲಿ

ಅರಸೀಕೆರೆ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರದ ಸಾರ ಇದು: ‘ಕೊಬ್ಬರಿ ಮಾರಿದ ದುಡ್ಡು ನನ್ನ ಖಾತೆಯಲ್ಲಿತ್ತು. ಖಾತೆಗೆ ಕೊಟ್ಟಿರುವ ಮೊಬೈಲ್ ನಂಬರ್ ಮಾತ್ರ ಯಜಮಾನರದು. ಪಿಎಂ ಕಿಸಾನ್ ಕಂತು ನಿಂತಿದೆ, ಕೆವೈಸಿ ಮಾಡಿ ಅಂತ ಅವರ ವಾಟ್ಸಾಪ್‌ಗೆ ಒಂದು ಎಪಿಕೆ ಫೈಲ್ (ಆ್ಯಪ್ ಹಾಕಿಕೊಳ್ಳುವ ಫೈಲ್) ಬಂತು. ಅದನ್ನು ಹಾಕಿಕೊಂಡು ನನ್ನ ಎಟಿಎಂ ಕಾರ್ಡಿನ ನಂಬರ್ ತುಂಬಿದ್ದಾರೆ. ಒಟಿಪಿ ಯಾರಿಗೂ ಹೇಳಿಲ್ಲ. ಆದರೂ 1,38,000 ರೂಪಾಯಿ ಹೋಯಿತು. ಬ್ಯಾಂಕಿನಲ್ಲಿ ನಿಮ್ಮದೇ ತಪ್ಪು, ಏನೂ ಮಾಡೋಕಾಗಲ್ಲ ಅಂದರು. ಸ್ಟೇಷನ್‌ನಲ್ಲಿ ಹಾಸನಕ್ಕೆ ಹೋಗಿ ಅಂದರು. ಬಿಟ್ಟುಬಿಡೋದಾ?’

ನಮಸ್ಕಾರ. ಬಿಡಬೇಡಿ. ಹೆಸರು ಬೇಡ ಅಂದಿದ್ದೀರಿ, ಹಾಕಿಲ್ಲ. ಪತ್ರಿಕೆ ಅಚ್ಚಾಗಿ ಬರೋವರೆಗೆ ಕಾಯುವ ವಿಷಯ ಇದಲ್ಲ, ಹಾಗಾಗಿ ನಿಮ್ಮ ಪತ್ರ ಬಂದ ಕೂಡಲೇ ಫೋನ್ ಮಾಡಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಲು ಹೇಳಿದ್ದೆವು. ನೀವು ಕೊಟ್ಟಿದ್ದೀರಿ. ಉಳಿದದ್ದನ್ನು ಎಲ್ಲ ಓದುಗರಿಗೂ ಉಪಯೋಗವಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇವೆ.

ನೀವು ಪತ್ರದ ಜೊತೆ ಇಟ್ಟಿರುವ ಸ್ಟೇಟ್‌ಮೆಂಟನ್ನು ನೀವೇ ಸರಿಯಾಗಿ ನೋಡಿದ ಹಾಗಿಲ್ಲ. ಪಕ್ಕದಲ್ಲಿ ಎಸ್ಸೆಮ್ಮೆಸ್‌ಗಳ ಫೋಟೊ ಇಟ್ಟುಕೊಂಡು ಓದಿದೆವು. 10:20ಕ್ಕೆ 50,000. 10:31ಕ್ಕೆ ಮತ್ತೆ 50,000. ಯಜಮಾನರು ಕಾರ್ಡಿನ ಹಿಂದೆ ಇರುವ ಟೋಲ್ ಫ್ರೀ ನಂಬರ್‌ಗೆ ಫೋನ್ ಮಾಡಿದ್ದು 10:44ಕ್ಕೆ, ಕಾಲ್ ಲಾಗ್‌ನಲ್ಲಿ ಇದೆ. ಆರು ನಿಮಿಷ ಮಾತಾಡಿದ್ದಾರೆ. ಅಲ್ಲಿದ್ದವರು ‘ಶಾಖೆಗೆ ಹೋಗಿ’ ಅಂದರಂತೆ. ಆಮೇಲೆ 11:12ಕ್ಕೆ ಇನ್ನೂ 38,000 ಹೋಗಿದೆ.

ಈ ಮೂರನೆಯದು ಮೊದಲಿನ ಎರಡರ ಹಾಗಲ್ಲ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕರೇ ಅಜಾಗರೂಕತೆಯಿಂದ ಕಾರ್ಡಿನ ವಿವರ, ಪಾಸ್‌ವರ್ಡ್ ಕೊಟ್ಟಿದ್ದರೂ ನಷ್ಟ ಅವರ ತಲೆಗೆ ಬರೋದು ಬ್ಯಾಂಕಿಗೆ ತಿಳಿಸುವವರೆಗೆ ಮಾತ್ರ. ತಿಳಿಸಿದ ಮೇಲೆ ಹೋದ ದುಡ್ಡಿಗೆ ಬ್ಯಾಂಕೇ ಜವಾಬ್ದಾರಿ. 10:44 ಆದ ಮೇಲೆ ಹೋದ 38,000ಕ್ಕೆ ‘ನಿಮ್ಮದೇ ತಪ್ಪು’ ಅನ್ನುವ ಮಾತು ನಿಲ್ಲೋದಿಲ್ಲ.

ಮೊದಲಿನ ಒಂದು ಲಕ್ಷ ಅಷ್ಟು ಸುಲಭ ಅಲ್ಲ. ಕಾರ್ಡ್ ನಂಬರ್ ತುಂಬಿದ್ದೀರಲ್ಲ ಅಂತ ಬ್ಯಾಂಕ್ ಹಿಡಿದುಕೊಳ್ಳುತ್ತೆ. ಆದರೆ ಒಟಿಪಿ ನೀವು ಹೇಳಿದ್ದಲ್ಲ. ಇಂಥ ಆ್ಯಪ್‌ಗಳು ಫೋನಿಗೆ ಬರುವ ಎಸ್ಸೆಮ್ಮೆಸ್ ಓದಿ ಕಳ್ಳರಿಗೆ ಕಳಿಸಿಬಿಡುತ್ತವೆ. ತಪ್ಪು ಗ್ರಾಹಕರದೇ ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನದು ಅಂತ ಅದೇ ಸುತ್ತೋಲೆ ಹೇಳುತ್ತೆ. ಗ್ರಾಹಕರ ತಪ್ಪಿದ್ದರೂ ಬ್ಯಾಂಕ್ ಮನಸ್ಸು ಮಾಡಿದರೆ ನಷ್ಟ ಮನ್ನಾ ಮಾಡಲು ಅವಕಾಶ ಇದೆ. ಪೂರ್ತಿ ಸಿಗುತ್ತೆ ಅಂತ ಆಸೆ ಹುಟ್ಟಿಸಲ್ಲ. ಕೇಳದೇ ಇರೋದು ಮಾತ್ರ ಬೇಡ.

ಕೇಳೋದು ಬಾಯಲ್ಲಲ್ಲ, ಕಾಗದದಲ್ಲಿ. ಮ್ಯಾನೇಜರ್ ಕೌಂಟರ್ ಆಚೆಯಿಂದ ‘ಆಗಲ್ಲ’ ಅಂದರೆ ಅದಕ್ಕೆ ಬೆಲೆ ಇಲ್ಲ. ಕನ್ನಡದಲ್ಲೇ ಅರ್ಜಿ ಬರೆಯಿರಿ. ಮೂರೂ ವ್ಯವಹಾರದ ಹೊತ್ತು, ಮೊತ್ತ, ರೆಫರೆನ್ಸ್ ನಂಬರ್ ಇರಲಿ. ಕಾಲ್ ಲಾಗ್‌ನ ಫೋಟೊ ಲಗತ್ತಿಸಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ತಗೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ. ಬ್ಯಾಂಕ್ 90 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು. ಆದರೆ 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ನೀವು ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಹೇಗೆ ಅಂತ ಗೊತ್ತಾಗದಿದ್ದರೆ 14448ಕ್ಕೆ ಫೋನ್ ಮಾಡಿ ಕೇಳಿ.

ಇನ್ನು ಪೊಲೀಸ್. ಹಾಸನದಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೇ ಇರುವ ಸೆನ್ ಠಾಣೆ ಇದೆ, ನಿಜ. ಹಾಗಂತ ಊರಿನ ಠಾಣೆಯವರು ದೂರನ್ನೇ ತಗೊಳ್ಳದೆ ಸಾಗಹಾಕುವ ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಆದರೂ ನಿಮ್ಮ ಜಾಗದಲ್ಲಿ ನಾವಿದ್ದರೆ ಸುಮ್ನೆ ಜಗಳ ಆಡದೆ ಬೆಳಗಿನ ರೈಲು ಹತ್ತಿ ಹಾಸನಕ್ಕೇ ಹೋಗುತ್ತಿದ್ದೆವು. 1930ರಲ್ಲಿ ಕೊಟ್ಟ ದೂರಿನ ನಂಬರ್ ಒಯ್ಯಿರಿ. ಫೋನನ್ನೂ ಒಯ್ಯಿರಿ. ಮಗ ಫೋನ್ ಫಾರ್ಮ್ಯಾಟ್ ಮಾಡಿಕೊಡ್ತೀನಿ ಅಂತಿದ್ದಾನೆ ಎಂದು ಬರೆದಿದ್ದೀರಿ. ಈಗಲೇ ಬೇಡ. ಆ ಎಪಿಕೆ ಫೈಲ್, ಅದು ಬಂದ ವಾಟ್ಸಾಪ್ ನಂಬರ್ ಎರಡೂ ಸಾಕ್ಷಿ. ಅಲ್ಲಿಯವರೆಗೆ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ, ಈ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ.

1930ಕ್ಕೆ ದೂರು ಹೋದರೆ ದುಡ್ಡು ಸೇರಿದ ಖಾತೆಗಳ ಬ್ಯಾಂಕಿಗೆ ಸುದ್ದಿ ಮುಟ್ಟುತ್ತೆ, ಅಲ್ಲಿ ಉಳಿದಿರುವಷ್ಟನ್ನು ತಡೆಹಿಡಿಯುತ್ತಾರೆ. ಕಳ್ಳರು ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ದಾಟಿಸುತ್ತಾರೆ, ಅದಕ್ಕೇ ಮೊದಲ ಒಂದೆರಡು ಗಂಟೆ ಮುಖ್ಯ. ನಿಮ್ಮದು ತಡವಾಗಿದೆ. ಏನಾದರೂ ತಡೆಹಿಡಿದಿದ್ದರೆ ಅದು ತಾನಾಗಿ ವಾಪಸ್ ಬರುತ್ತೆ ಅಂತ ಕೂರಬೇಡಿ. ಕೋರ್ಟಿಗೆ ಅರ್ಜಿ ಹಾಕಿ ಆದೇಶ ತರಬೇಕಾಗಬಹುದು. ವಕೀಲರ ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಖಾತೆ ನಿಮ್ಮ ಹೆಸರಲ್ಲಿರೋದು ಇಲ್ಲಿ ಅನುಕೂಲಕ್ಕೆ ಬಂತು. ಅರಸೀಕೆರೆ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಅಂತ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.

ಪತ್ರದ ಕೊನೆಗೆ, ಬೇರೆ ಪೆನ್ನಿನಲ್ಲಿ, ಒಂದು ಸಾಲು ಸೇರಿಸಿದ್ದೀರಿ: ‘8,000 ಕಟ್ಟಿದರೆ ಪೂರ್ತಿ ದುಡ್ಡು ವಾಪಸ್ ಕೊಡಿಸ್ತೀನಿ ಅಂತ ಸೈಬರ್ ಆಫೀಸಿನವರು ಫೋನ್ ಮಾಡಿದ್ದರು.’ ಕಟ್ಟಬೇಡಿ! ಅವನು ಯಾವ ಆಫೀಸಿನವನೂ ಅಲ್ಲ. ದುಡ್ಡು ಕಳಕೊಂಡವರನ್ನೇ ಹುಡುಕಿ ಇನ್ನೊಂದು ಸಲ ಸುಲಿಯುವ ಜನ ಇದ್ದಾರೆ. ಆ ನಂಬರನ್ನೂ ಹಾಸನದಲ್ಲಿ ಕೊಡಿ.

ಯಜಮಾನರ ಜೊತೆ ಮಾತು ಬಿಟ್ಟಿದ್ದೀನಿ ಅಂದಿದ್ದೀರಿ. ಅದು ನಿಮ್ಮ ಮನೆ ವಿಷಯ. ಆದರೆ 10:44ಕ್ಕೆ ಫೋನ್ ಮಾಡಿದ್ದು ಅವರೇ ಅಲ್ವಾ? ನಿಮ್ಮ ಅರ್ಜಿ ನಿಂತಿರೋದು ಆ ಒಂದು ಕಾಲ್ ಮೇಲೆ.

ಬ್ಯಾಂಕಿನಿಂದ ಉತ್ತರ ಬಂದಾಗ ಒಂದು ಪ್ರತಿ ನಮಗೂ ಕಳಿಸಿ. ಆ 38,000ದ ಬಗ್ಗೆ ಏನು ಬರೆಯುತ್ತಾರೆ ನೋಡೋಣ.

— ಸಂಪಾದಕ