ಕಾಶ್ಮೀರ ಕಣಿವೆಯ ಸರೋವರ, ನದಿಗಳನ್ನು ಪ್ಯಾಡಲ್‌ಬೋರ್ಡ್‌ನಲ್ಲಿ ಸುತ್ತಬಹುದಾ?

ಜುಲೈಯಲ್ಲಿ ಬೆಂಗಳೂರಿನಿಂದ ಶ್ರೀನಗರಕ್ಕೆ ಎಂಟು ದಿನ ಹೋಗ್ತಿದ್ದೀರಿ, ನಿಮ್ಮ ಹತ್ತಿರ ಮೇಲೆ ನಿಂತು ಹುಟ್ಟು ಹಾಕುವ, ಗಾಳಿ ತುಂಬುವ ಪ್ಯಾಡಲ್‌ಬೋರ್ಡ್ ಇದೆ, ಅದನ್ನು ಒಯ್ಯಬಹುದಾ, ಯಾವ ನೀರಿಗೆ ಇಳಿಯಬಹುದು ಅಂತ ಕೇಳಿದ್ದೀರಿ.

ಖಂಡಿತ ಒಯ್ಯಿರಿ. ಆದರೆ ಮೊದಲ ಎರಡು ದಿನ ಅದನ್ನು ಚೀಲದಿಂದ ತೆಗೆಯಬೇಡಿ. ಶಿಕಾರ ಅನ್ನುವ ಅಲ್ಲಿನ ಮರದ ದೋಣಿ ಹತ್ತಿ. ಆ ಕಣಿವೆಯ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅನ್ನೋದು ಮೊದಲು ತಿಳಿಯಬೇಕು. ಬೆಂಗಳೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ಬೆಳ್ಳಂದೂರು ಕೆರೆ ತುಂಬಿದರೆ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ ಅಲ್ವಾ? ಅಲ್ಲೂ ಹಾಗೇ ಸರಪಳಿ. ಝೇಲಂ ನದಿ ವೇರಿನಾಗ್ ಬುಗ್ಗೆಯಲ್ಲಿ ಹುಟ್ಟಿ, ಶ್ರೀನಗರದ ನಡುವೆ ಹಾದು, ವುಲರ್ ಸರೋವರ ಸೇರಿ, ಸೋಪೋರ್ ಹತ್ತಿರ ಮತ್ತೆ ನದಿಯಾಗಿ ಹೊರಬರುತ್ತದೆ. ದಾಲ್ ಸರೋವರದ ನೀರು ದಾಲ್ ಗೇಟ್ ದಾಟಿ ಒಂದು ಕಾಲುವೆ ಹಿಡಿದು ಝೇಲಂಗೆ ಇಳಿಯುತ್ತದೆ. ಮಾನಸಬಲ್ ಸರೋವರದಿಂದಲೂ ಝೇಲಂಗೆ ದಾರಿ ಇದೆ.

ಮೊದಲ ಸಲ ಹೋದಾಗ ನಾನು ಇದನ್ನೆಲ್ಲ ಯೋಚಿಸಿರಲಿಲ್ಲ. ದಾಲ್‌ನಲ್ಲಿ ಒಂದು ಸಂಜೆ ಸುತ್ತಿ ಗುಲ್ಮಾರ್ಗ್ ಬಸ್ಸು ಹತ್ತಿದ್ದೆ. ಎರಡನೇ ಸಲ ಒಬ್ಬ ವಯಸ್ಸಾದ ಅಂಬಿಗರ ಜೊತೆ ಮೂರು ಬೆಳಗು ಕಳೆದೆ. ಅವರ ಕೈಯಲ್ಲಿದ್ದ ಹುಟ್ಟು ವೀಳ್ಯದೆಲೆಯ ಆಕಾರದ್ದು. ನೀರಿನಲ್ಲಿ ಸದ್ದೇ ಆಗುತ್ತಿರಲಿಲ್ಲ. ಬೆಳಕು ಹರಿಯೋ ಮೊದಲೇ ತರಕಾರಿ ಸಂತೆಗೆ ಕರೆದುಕೊಂಡು ಹೋದರು. ದೋಣಿಯಿಂದ ದೋಣಿಗೆ ಸೋರೆಕಾಯಿ, ಟೊಮೆಟೊ, ತಾವರೆ ದಂಟು ಕೈ ಬದಲಾಗುತ್ತಿತ್ತು. ತಾವರೆ ದಂಟಿಗೆ ಅಲ್ಲಿ ನದ್ರು ಅನ್ನುತ್ತಾರೆ. ಜೊಂಡಿನ ಮೇಲೆ ಮಣ್ಣು ಹಾಕಿ ಮಾಡಿದ ತೇಲುವ ತೋಟಗಳನ್ನೂ ಅಲ್ಲೇ ನೋಡಿದೆ. ಆ ಸಂತೆಗೆ ಬೋರ್ಡ್ ಮೇಲೆ ಹೋಗಬೇಡಿ. ಅದು ಅವರ ಕೆಲಸದ ಜಾಗ.

ಬೋರ್ಡಿಗೆ ನಾನು ಹೇಳೋದು ನಿಗೀನ್ ಮತ್ತು ಮಾನಸಬಲ್. ನಿಗೀನ್ ದಾಲ್‌ಗೇ ಸೇರಿಕೊಂಡಿದೆ. ಆದರೆ ಗದ್ದಲ ಕಡಿಮೆ, ಹೊಸಬರಿಗೆ ಸರಿ. ದಾಲ್‌ನಲ್ಲಿ ಕಳೆ ಜಾಸ್ತಿ, ಬೋರ್ಡಿನ ಅಡಿಯ ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ಮಾನಸಬಲ್ ಶ್ರೀನಗರದಿಂದ ಸುಮಾರು 30 ಕಿ.ಮೀ. ಅದು ಕಣಿವೆಯ ಅತಿ ಆಳದ ಸರೋವರ. ಜುಲೈ, ಆಗಸ್ಟ್‌ನಲ್ಲಿ ಅಂಚಿನ ತುಂಬಾ ತಾವರೆ. ದಡದಲ್ಲೇ ಮೊಘಲರ ಕಾಲದ ತೋಟವಿದೆ. ಹೂವಿನ ಪಕ್ಕದಲ್ಲಿ ಮಂಡಿಯೂರಿ ನಿಧಾನಕ್ಕೆ ಸಾಗಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಲೆಗಳ ಒಳಗೆ ನುಗ್ಗಬೇಡಿ, ಆ ದಂಟು ಯಾರದ್ದೋ ಊಟ.

ಗಾಳಿಯ ಮಾತು ಮುಖ್ಯ. ಅಲ್ಲಿ ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನದ ಮೇಲೆ ಬದಲಾಗುತ್ತದೆ. ಮಾನಸಬಲ್‌ನಲ್ಲಿ ಎರಡು ಗಂಟೆಗೆ ಗಾಳಿ ಎದ್ದು ನನ್ನನ್ನು ಎದುರು ದಡದ ಕಡೆ ತಳ್ಳಿತು. ಮಲಗಿಕೊಂಡು ಕೈಯಲ್ಲಿ ಈಜಿದರೂ ಮುಂದೆ ಸಾಗಲಿಲ್ಲ. ಒಂದು ಶಿಕಾರ ಬಂದು ಹಗ್ಗ ಕೊಟ್ಟು ಎಳೆದುಕೊಂಡು ಹೋಯಿತು. ಅವತ್ತಿನಿಂದ ಹತ್ತು ಗಂಟೆಗೆ ದಡದಲ್ಲಿರುತ್ತೇನೆ. ಇದೇ ಕಾರಣಕ್ಕೆ ವುಲರ್‌ಗೆ ಬೋರ್ಡ್ ಬೇಡವೇ ಬೇಡ. ಅದು ತುಂಬಾ ದೊಡ್ಡದು, ಅಲ್ಲಿನ ಮಧ್ಯಾಹ್ನದ ಗಾಳಿಗೆ ಸ್ಥಳೀಯ ಅಂಬಿಗರೂ ಹೆದರುತ್ತಾರೆ. ಬೆಳಿಗ್ಗೆ ಅವರ ದೋಣಿಯಲ್ಲೇ ಹೋಗಿ.

ಝೇಲಂ ಅನ್ನೂ ದೋಣಿಯಲ್ಲೇ ನೋಡಿ. ಅಮೀರಾ ಕದಲ್, ಹಬ್ಬಾ ಕದಲ್, ಝೈನಾ ಕದಲ್ ಹೀಗೆ ಹಳೆಯ ಸೇತುವೆಗಳ ಕೆಳಗೆ ಸಾಗುತ್ತಾ, ದಡದ ಮರದ ಮನೆಗಳು, ಹಳೆಯ ಸೂಫಿ ಮಸೀದಿ ಖಾನ್‌ಖಾ-ಎ-ಮೌಲಾ ಕಾಣುತ್ತವೆ. ಕದಲ್ ಅಂದರೆ ಸೇತುವೆ. 2014ರ ಸೆಪ್ಟೆಂಬರ್‌ನಲ್ಲಿ ಇದೇ ನದಿ ಉಕ್ಕಿ ಊರನ್ನು ಮುಳುಗಿಸಿತ್ತು, ಮಳೆ ಬಂದ ಮರುದಿನ ಸುಮ್ನೆ ಇಳಿಯಬೇಡಿ. ಲಿಡ್ಡರ್, ಸಿಂಧ್ (ಸಿಂಧೂ ನದಿಯಲ್ಲ) ಹೊಳೆಗಳು ಹಿಮ ಕರಗಿ ಬರುವ ನೀರು, ಸೆಳೆತ ಜೋರು. ಅಲ್ಲಿ ಬೋರ್ಡ್ ಬಿಚ್ಚಲೇಬೇಡಿ. ಪಹಲ್ಗಾಮ್‌ನಲ್ಲಿ ರ‍್ಯಾಫ್ಟಿಂಗ್ ಮಾಡಿಸುವವರ ಜೊತೆ ಹೋದರೆ ಸಾಕು.

ಹೊರಡುವ ಮೊದಲು ಒಂದು ವಾರಾಂತ್ಯ ಮೂಲ್ಕಿಯ ಶಾಂಭವಿ ನದಿಯಲ್ಲಿ ಅಭ್ಯಾಸ ಮಾಡಿ. ಬಿದ್ದು ಮತ್ತೆ ಹತ್ತುವುದನ್ನು ಇಪ್ಪತ್ತು ಸಲ ಮಾಡಿ. ಅಲ್ಲಿ ನೀರು ಬೆಚ್ಚಗಿರುತ್ತದೆ, ಕಾಶ್ಮೀರದಲ್ಲಿ ನೀರು ತಣ್ಣಗಿದ್ದರೆ ಉಸಿರು ಕಟ್ಟಿಸಬಹುದು. ಲೈಫ್ ಜಾಕೆಟ್ ಮೈಮೇಲೇ ಇರಲಿ, ಬೋರ್ಡಿಗೆ ಕಟ್ಟಿಡಬೇಡಿ. ನನ್ನ ಕಿಟ್ 11 ಕೆಜಿ, ಚೆಕ್-ಇನ್‌ನಲ್ಲೇ ಹೋಯಿತು. ಪಂಪಿನ ಲಿಥಿಯಂ ಬ್ಯಾಟರಿ ಮಾತ್ರ ಕೈಚೀಲದಲ್ಲಿರಬೇಕು. ಗಾಳಿ ತುಂಬಿದ ಬೋರ್ಡನ್ನು ಬಿಸಿಲಿಗೆ ಬಿಡಬೇಡಿ, ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡುತ್ತದೆ. ಇಳಿಯುವ ಮುಂಚೆ ಅನುಮತಿ ಬೇಕಾ ಅಂತ ಅಲ್ಲಿನ ಪ್ರವಾಸೋದ್ಯಮ ಕಚೇರಿಯಲ್ಲಿ ಕೇಳಿಕೊಳ್ಳಿ.

ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೋರ್ಡನ್ನು ತೊಳೆದು ಪೂರ್ತಿ ಒಣಗಿಸಿ. ದಾಲ್‌ನ ಕಳೆಯ ಚೂರು ನಿಮ್ಮ ಜೊತೆ ಮಾನಸಬಲ್‌ಗೆ ಹೋಗಬಾರದು.